ಗಳಿಸಲು ಹೋದವರ ಸಮುದ್ರ

ಬೀದರ ಜಿಲ್ಲೆಯ ನೀರು ಪೂರ್ವಕ್ಕೆ ಹರಿಯುತ್ತದೆ. ಕಾರಂಜಾ ಹೋಗಿ ಮಾಂಜ್ರಾ ನದಿಯನ್ನು ಸೇರುತ್ತದೆ, ಮಾಂಜ್ರಾ ಗೋದಾವರಿಯನ್ನು, ಗೋದಾವರಿ ಬಂಗಾಳ ಕೊಲ್ಲಿಯನ್ನು. ನಮ್ಮ ಜನ ಹೋಗುವುದು ಮಾತ್ರ ಪಶ್ಚಿಮಕ್ಕೆ. ಬೀದರದಿಂದ ಕಾರವಾರ ಸುಮಾರು 600 ಕಿಲೋಮೀಟರ್. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಅದರ ಕಾಲುಭಾಗದಷ್ಟು ದೂರ. ಹಾಗಾಗಿ ಭಾಲ್ಕಿ, ಔರಾದ ಕಡೆಯ ಎಷ್ಟೋ ಮಂದಿ ಕರ್ನಾಟಕದ ಸಮುದ್ರವನ್ನು ಇನ್ನೂ ನೋಡಿಲ್ಲ. ಅವರು ಕಂಡ ಮೊದಲ ಸಮುದ್ರ ದುಬೈ, ಜೆಡ್ಡಾ, ಮಸ್ಕತ್ತಿನದು.

ಆ ಸಮುದ್ರ ಈಗ ಪ್ರತಿ ವಾರ ನಮ್ಮ ಮನೆಗಳಿಗೂ ಬರುತ್ತದೆ, ಫೋನಿನಲ್ಲಿ. ಮರಳಿನ ಮೇಲೆ ಹಾಸಿದ ಚಾದರ, ಮೊಣಕಾಲುದ್ದ ನೀರಿನಲ್ಲಿ ನಿಂತ ಮಕ್ಕಳು, ಸೀರೆಯ ಅಂಚನ್ನು ಎತ್ತಿ ಹಿಡಿದು ನಗುವ ಒಬ್ಬ ಹೆಣ್ಣುಮಗಳು. ಮಸ್ಕತ್ತಿನಲ್ಲಿರುವ ನನ್ನ ಸೋದರಮಾವನ ಮಗಳ ಕುಟುಂಬ ಕಳಿಸುವ ಇಂಥ ಚಿತ್ರಗಳನ್ನು ಭಾಲ್ಕಿಯ ಮನೆಯಲ್ಲಿ ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಮೊದಲು ಎಲ್ಲರೂ ಖುಷಿಪಡುತ್ತಾರೆ. ಆಮೇಲೆ ಹಿರಿಯರೊಬ್ಬರು ಫೋನನ್ನು ತಿರುಗಿ ಕೊಡುತ್ತ ಹೇಳುತ್ತಾರೆ: "ಕಮಾಯಿ ಮಾಡ್ಲಾಕ ಹೋದೋರಿಗಿ ಸಮುದ್ರದಾಗ ಯಾನ್ ಕೆಲಸ?"

ಇದನ್ನು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಬಹುದು. ಆದರೆ ಅದರೊಳಗೊಂದು ನೈತಿಕ ಸಿದ್ಧಾಂತವೇ ಇದೆ. ಗಳಿಸಲು ಹೋದವರು ಒಂದು ಉದ್ದೇಶಕ್ಕಾಗಿ ಹೋದವರು, ಆ ಉದ್ದೇಶ ಮುಗಿಯುವತನಕ ಅವರ ಸಮಯ ಅವರದಲ್ಲ ಎಂಬುದು ಆ ಸಿದ್ಧಾಂತ. ಕಾಯಕದ ಪರಿಕಲ್ಪನೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಈ ಪ್ರಶ್ನೆಯನ್ನು ಪಕ್ಕಕ್ಕಿಡಲು ಆಗಿಲ್ಲ. ಊರು, ತಂದೆತಾಯಿ, ಸಾಲ ಎಲ್ಲವನ್ನೂ ಹಿಂದೆ ಬಿಟ್ಟು ದುಡಿಯಲು ಹೋದವರು ಅಲ್ಲಿ ಸುಖವಾಗಿ ಒಂದು ದಿನ ಕಳೆಯುವುದು ಸರಿಯೇ? ಸರಿಯಾದರೆ, ಯಾರಿಗೆ ಸರಿ?

ಮೊದಲು ಆ ದಿನ ಹೇಗಿರುತ್ತದೆಂದು ನೋಡೋಣ. ಒಮಾನಿನ ದಕ್ಷಿಣದಲ್ಲಿ ಸಲಾಲಾ ಎಂಬ ಊರಿದೆ. ಅದರ ಅಕ್ಷಾಂಶ ಸುಮಾರು 17 ಡಿಗ್ರಿ, ಬೀದರಿನದು ಹದಿನೆಂಟಕ್ಕೆ ಸ್ವಲ್ಪ ಕಡಿಮೆ. ಭೂಪಟದಲ್ಲಿ ಬೀದರಿನಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ದಾಟಿ ಆ ಗೆರೆ ಮುಟ್ಟುವುದು ಸಲಾಲಾದ ಆಸುಪಾಸಿಗೆ. ನಮ್ಮ ಹೊಲಗಳಿಗೆ ತೊಗರಿ, ಸೋಯಾ ಬಿತ್ತುವ ಮಳೆ ತರುವ ಅದೇ ನೈಋತ್ಯ ಮಾರುತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಬೆಟ್ಟಗಳಿಗೂ ಮಂಜು, ತುಂತುರು ತರುತ್ತದೆ. ಆ ಕಾಲವನ್ನು ಅಲ್ಲಿಯವರು ಖರೀಫ್ ಎನ್ನುತ್ತಾರೆ. ನಮ್ಮ ರೈತರ ಬಾಯಲ್ಲೂ ಮುಂಗಾರು ಬೆಳೆಗೆ ಇರುವ ಹೆಸರು ಖರೀಫ್. ಅರಬ್ಬಿಯಲ್ಲಿ ಶರತ್ಕಾಲ ಎಂಬ ಅರ್ಥದ ಆ ಶಬ್ದ ಫಾರಸಿ, ಉರ್ದುಗಳ ಮೂಲಕ ಬಂದು ನಮ್ಮ ಕಂದಾಯದ ಕಡತಗಳಲ್ಲಿ ಕುಳಿತಿದೆ.

ಉಳಿದ ಅರಬ್ ದೇಶಗಳು 45 ಡಿಗ್ರಿಯಲ್ಲಿ ಬೇಯುವಾಗ ಕೊಲ್ಲಿಯ ಭಾರತೀಯ ಕುಟುಂಬಗಳು ಕಾರಿನಲ್ಲಿ ಸಲಾಲಾಕ್ಕೆ ಹೊರಡುತ್ತವೆ. ಮಸ್ಕತ್ತಿನಿಂದ ಸುಮಾರು 1000 ಕಿಲೋಮೀಟರ್ ದಾರಿ, ಬಹುಪಾಲು ಮರುಭೂಮಿ. ಕೊನೆಯಲ್ಲಿ ಘಾಟಿ ಇಳಿದ ಕೂಡಲೇ ಹಸಿರು, ತೆಂಗು, ಬಾಳೆ, ರಸ್ತೆ ಬದಿಯಲ್ಲಿ ಎಳನೀರಿನ ಅಂಗಡಿ. ಮುಗ್ಸೈಲ್ ದಂಡೆಯಲ್ಲಿ ಬಂಡೆಯ ರಂಧ್ರಗಳಿಂದ ಸಮುದ್ರದ ನೀರು ಕಾರಂಜಿಯಂತೆ ಮೇಲೆ ಚಿಮ್ಮುತ್ತದೆ. ಆ ತಿಂಗಳುಗಳಲ್ಲಿ ಕಡಲು ಒರಟಾಗಿರುವುದರಿಂದ ಯಾರೂ ಈಜುವಂತಿಲ್ಲ. ಜನ ಸುಮ್ಮನೆ ಕೂರುತ್ತಾರೆ, ಮಳೆಯಲ್ಲಿ ನೆನೆಯುತ್ತಾರೆ. ಸೋದರಮಾವನ ಮಗಳು ಹೇಳಿದ್ದಿಷ್ಟು: "ಸಮುದ್ರ ನೋಡ್ಲಾಕಲ್ಲ, ಮಕ್ಳಿಗಿ ಮಳಿ ತೋರಸ್ಲಾಕ ಹೋಗ್ತೀವಿ." ಎರಡು ದಿನಗಳ ಪಯಣಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ನನಗನ್ನಿಸಲಿಲ್ಲ. ಮಳೆಯೆಂದರೆ ಏನೆಂದು ಗೊತ್ತಿಲ್ಲದೆ ಬೆಳೆಯುವ ಮಕ್ಕಳಿಗೆ ಅಜ್ಜನ ಊರಿನ ಆಕಾಶವನ್ನು ಬೇರೆ ದೇಶದಲ್ಲಿ ತೋರಿಸುವುದದು.

ಹಿರಿಯರ ಆಕ್ಷೇಪದ ಮೊದಲ ಪದರ ಋಣದ್ದು. ಮಗನನ್ನು ಕಳಿಸಲು ಹೊಲ ಒತ್ತೆಯಿಟ್ಟವರಿದ್ದಾರೆ, ಏಜೆಂಟನಿಗೆ ಬಡ್ಡಿ ಸಾಲ ತಂದು ಕೊಟ್ಟವರಿದ್ದಾರೆ. ಅಲ್ಲಿ ಖರ್ಚಾಗುವ ಒಂದೊಂದು ರಿಯಾಲ್ ಇಲ್ಲಿಗೆ ಬಾರದ ರಿಯಾಲ್. ಚಿತ್ರದಲ್ಲಿ ಸಮುದ್ರದ ಬದಲು ಪೆಟ್ರೋಲು, ಹೋಟೆಲು, ಐಸ್‌ಕ್ರೀಮುಗಳ ಲೆಕ್ಕ ಕಾಣುವುದು ಸಹಜ. ಈ ವಾದಕ್ಕೆ ಬಲವಿದೆ. ಸಾಲದ ಬಡ್ಡಿ ಕಟ್ಟಲು ತಂದೆ ಎತ್ತು ಮಾರುವ ಹೊತ್ತಿನಲ್ಲಿ ಮಗ ಮೋಜು ಮಾಡಿದರೆ ಅದನ್ನು ಯಾರೂ ಒಪ್ಪುವುದಿಲ್ಲ. ಆದರೆ ನಮ್ಮಲ್ಲಿ ಸಾಲ ತೀರಿದ ಮೇಲೂ ಈ ಮಾತು ನಿಲ್ಲುವುದಿಲ್ಲ. ಸಾಲದ ನಂತರ ತಂಗಿಯ ಮದುವೆ, ಮದುವೆಯ ನಂತರ ಮನೆಗೆ ಸ್ಲ್ಯಾಬು, ಆಮೇಲೆ ಬೀದರಿನಲ್ಲೊಂದು ಪ್ಲಾಟು. ಗುರಿ ಮುಟ್ಟಿದಂತೆಲ್ಲ ಮುಂದೆ ಸರಿಯುತ್ತದೆ. ಸುಖಪಡುವ ದಿನವೂ ಅದರ ಜೊತೆಗೇ ಸರಿಯುತ್ತದೆ.

ಇಲ್ಲಿ ನಮ್ಮದೇ ಜಿಲ್ಲೆಯ ಒಂದು ಕಥೆ ನೆನಪಾಗುತ್ತದೆ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಇನ್ನೊಮ್ಮೆ ಆತ ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಕಾಯಕಕ್ಕೆ ಹೊತ್ತಾಯಿತೆಂದು ಎಚ್ಚರಿಸಿದವಳೂ ಅವಳೇ. ನಮ್ಮ ಭಾಷಣಗಳಲ್ಲಿ ಎರಡನೆಯ ಕಥೆ ಹೆಚ್ಚು ಕೇಳಿಸುತ್ತದೆ: ದುಡಿಮೆಯನ್ನು ಬಿಡಬೇಡ. ಮೊದಲನೆಯದು ಅದರ ಇನ್ನೊಂದು ಮುಖ: ದುಡಿಮೆಗೊಂದು ಸಾಕು ಎಂಬುದಿರಲಿ. ಸಾಕೆಂಬುದಿಲ್ಲದ ದುಡಿಮೆಯನ್ನು ಲಕ್ಕಮ್ಮ ಆಸೆ ಎಂದೇ ಕಾಣುತ್ತಾಳೆ, ಅದನ್ನು ಕಾಯಕದ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿದೇಶದಲ್ಲಿರುವ ಮಗನಿಗೆ ಇಷ್ಟಾದರೆ ಸಾಕು ಎಂದು ಊರಿನಿಂದ ಯಾರು ಹೇಳುತ್ತಾರೆ? ಆ ಮಾತು ಹೇಳದ ಮನೆ ಅವನ ರಜೆಯ ದಿನವನ್ನು ಪ್ರಶ್ನಿಸುವಾಗ, ಪ್ರಶ್ನೆಯ ಹಿಂದಿರುವುದು ಋಣವೋ ಆಸೆಯೋ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇನ್ನೂ ಒಂದು ವಿಷಯ. ಹಣವನ್ನು ಮುಂದೂಡಬಹುದು, ಬಾಲ್ಯವನ್ನು ಮುಂದೂಡಲಾಗದು. ಐದು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿ ನೀರಿಗಿಳಿಯುವ ಕೆಲಸವನ್ನು ಅವಳಿಗೆ ಹದಿನೈದಾದಾಗ ಮಾಡುತ್ತೇನೆಂದರೆ ಆಗದು. ಎಲ್ಲ ಕರ್ತವ್ಯಗಳನ್ನೂ ಮುಗಿಸಿ ಆಮೇಲೆ ಸಂತೋಷಪಡುತ್ತೇನೆ ಎನ್ನುವವರ ಲೆಕ್ಕದಲ್ಲಿ ಮಕ್ಕಳು ಬೆಳೆಯುವುದೇ ಇಲ್ಲ.

ನಮ್ಮ ಮನಸ್ಸಿನ ತಕ್ಕಡಿ ಎಷ್ಟು ವಾಲಿದೆ ಎಂಬುದು ತಿಳಿಯುವುದು ಸಾವಿನ ಸುದ್ದಿ ಬಂದಾಗ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಅವರಲ್ಲಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಇಡೀ ಸೀಮೆ ಮರುಗಿತು, ಮರುಗಲೇಬೇಕಿತ್ತು. ಅದಕ್ಕೂ ಎರಡು ವರ್ಷ ಮೊದಲು, 2022ರ ಜುಲೈನಲ್ಲಿ, ಇದೇ ಮುಗ್ಸೈಲ್ ದಂಡೆಯಲ್ಲಿ ದುಬೈನಿಂದ ಬಂದಿದ್ದ ಒಂದು ಭಾರತೀಯ ಕುಟುಂಬದವರನ್ನು, ಮಕ್ಕಳೂ ಸೇರಿ, ಅಲೆ ಎಳೆದೊಯ್ದಿತು. ಎರಡನೆಯ ಬಗೆಯ ಸುದ್ದಿ ಬಂದಾಗ ನಮ್ಮ ಕಟ್ಟೆಗಳಲ್ಲಿ ದುಃಖದ ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ: ಅಲ್ಲಿಗೆ ಯಾಕೆ ಹೋಗಬೇಕಿತ್ತು? ಬೇಲಿ ದಾಟುವ ಅಪಾಯದ ಬಗ್ಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಪ್ರಶ್ನೆಯ ಧ್ವನಿ ಅಷ್ಟಕ್ಕೇ ನಿಲ್ಲುವುದಿಲ್ಲ. ದುಡಿಯುತ್ತ ಸತ್ತವರದು ಪವಿತ್ರವಾದ ಸಾವು, ನಗುತ್ತ ಸತ್ತವರದು ದಂಡದ ಸಾವು ಎಂಬ ಭಾವ ಅದರಲ್ಲಿರುತ್ತದೆ. ಮನುಷ್ಯನ ಬೆಲೆಯನ್ನು ಅವನ ಕೂಲಿಯಿಂದ ಅಳೆಯುವ ರೂಢಿ ಮಾಲೀಕನಿಗಿರುವುದು ಗೊತ್ತು. ನಮ್ಮ ಶೋಕದೊಳಗೂ ಅದು ಬಂದು ಕುಳಿತಿರುವುದು ಕಳವಳದ ಸಂಗತಿ.

ಹಾಗೆಂದು ನಮ್ಮ ಸೀಮೆಗೆ ವಿರಾಮವೇ ಗೊತ್ತಿಲ್ಲವೆನ್ನಲಾಗದು. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದೇವರನ್ನು ಕಾಣಬೇಕು. ತಂದೆಯರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುತ್ತಾರೆ. ಮಕ್ಕಳು ಕಿರುಚುತ್ತಾರೆ, ನೀರು ಎರಚುತ್ತಾರೆ, ಹೆಂಗಸರು ಒದ್ದೆ ಸೀರೆಯಲ್ಲಿ ನಗುತ್ತಾರೆ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ, ಔರಾದಿನ ಅಮರೇಶ್ವರ ಜಾತ್ರೆ ಇವೆಲ್ಲವೂ ಕುಟುಂಬಗಳ ವಿಹಾರಗಳೇ. ಇವುಗಳಿಗೆ ಯಾರೂ ಲೆಕ್ಕ ಕೇಳುವುದಿಲ್ಲ, ಏಕೆಂದರೆ ಇವುಗಳ ಮೇಲೆ ದೇವರ ಹೆಸರಿದೆ. ಹೆಗಲ ಮೇಲಿನ ಮಗು, ಕಾಲ ಕೆಳಗಿನ ನೀರು, ಖರ್ಚಾದ ದಿನ ಎರಡೂ ಕಡೆ ಒಂದೇ. ಒಂದು ಸೇವೆ, ಇನ್ನೊಂದು ದುಂದು. ದೇವರ ನೆಪವಿಲ್ಲದೆ, ಮದುವೆಯ ನೆಪವಿಲ್ಲದೆ ಒಂದು ಕುಟುಂಬ ಬರೀ ತನ್ನ ಜೊತೆಗಾಗಿ ತಾನು ಕೂರುವುದನ್ನು ನಾವು ಇನ್ನೂ ಪೂರ್ತಿ ಒಪ್ಪಿಲ್ಲ.

ನಮ್ಮ ಕಡೆಯ ಎಳ್ಳಮಾಸಿ ಇದರ ಸುಂದರ ಅಪವಾದ. ಎಳ್ಳ ಅಮಾವಾಸ್ಯೆಯ ದಿನ ಬೀದರ, ಕಲಬುರಗಿ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಪೇಟೆ ಬಿಕೋ ಎನ್ನುತ್ತದೆ. ಸಜ್ಜೆ ರೊಟ್ಟಿ, ಹತ್ತಾರು ಕಾಳು-ತರಕಾರಿ ಬೆರೆಸಿದ ಭಜ್ಜಿ, ಅಂಬಲಿ. ಭೂಮಿಗೆ ಚರಗ ಚೆಲ್ಲುವುದು ಸ್ವಲ್ಪ ಹೊತ್ತು. ಉಳಿದ ದಿನವೆಲ್ಲ ಉಣ್ಣುವುದು, ಮರದ ನೆರಳಲ್ಲಿ ಮಲಗುವುದು, ಮಕ್ಕಳ ಆಟ. ವರ್ಷವೆಲ್ಲ ದುಡಿದ ಅದೇ ಹೊಲಕ್ಕೆ ಆ ದಿನ ದುಡಿಯದೆ ಕೂರಲು ಹೋಗುತ್ತಾರೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಕೊನೆಯ ಭಾಗದಲ್ಲಿ ನಾವು ದುಡಿಯುವುದೇ ವಿರಾಮಕ್ಕಾಗಿ ಎಂಬರ್ಥದ ಮಾತು ಹೇಳುತ್ತಾನೆ. ಎಳ್ಳಮಾಸಿ ಮಾಡುವ ಒಕ್ಕಲಿಗನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿಯೂ ವಿಶ್ರಾಂತಿ ಮತ್ತು ವಿರಾಮವನ್ನು ಹಕ್ಕೆಂದೇ ಕರೆದಿದೆ.

ಹಕ್ಕು ಎಂದ ಕೂಡಲೇ ಎರಡನೆಯ, ಹೆಚ್ಚು ಕಠಿಣವಾದ ಪ್ರಶ್ನೆ ಏಳುತ್ತದೆ. ಅರಿಸ್ಟಾಟಲನ ವಿರಾಮದ ಹಿಂದೆ ಗುಲಾಮರ ದುಡಿಮೆ ಇತ್ತು. ಕೊಲ್ಲಿಯ ದಂಡೆಯ ಹಿಂದೆ ಯಾರಿದ್ದಾರೆ?

ಅಲ್ಲಿ ಬ್ಯಾಚುಲರ್ ಎಂಬ ಶಬ್ದಕ್ಕೆ ವಿಚಿತ್ರವಾದ ಅರ್ಥವಿದೆ. ಮದುವೆಯಾಗದವನು ಎಂದಲ್ಲ, ಕುಟುಂಬವನ್ನು ಜೊತೆಗೆ ಇಟ್ಟುಕೊಳ್ಳದವನು ಎಂದು. ಔರಾದ ತಾಲೂಕಿನ ನಮ್ಮ ಪರಿಚಯದ ಒಬ್ಬರು ದುಬೈನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷ, ಮೂರು ಮಕ್ಕಳು. ಅಲ್ಲಿ ಅವರು ಬ್ಯಾಚುಲರ್. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4000 ದಿರ್ಹಮ್, ಅಥವಾ 3000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅದಕ್ಕಿಂತ ಕೆಳಗಿನ ಸಂಬಳದವನಿಗೆ ಹೆಂಡತಿ ಮಕ್ಕಳು ಫೋನಿನೊಳಗೆ ಮಾತ್ರ. ಸೌದಿ ಅರೇಬಿಯಾ 2017ರ ಜುಲೈನಿಂದ ವಿದೇಶಿಯರ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸುತ್ತ 2020ರ ಹೊತ್ತಿಗೆ ಅದನ್ನು 400ಕ್ಕೆ ಒಯ್ದಿತು. ಹೆಂಡತಿ, ಮೂರು ಮಕ್ಕಳಿದ್ದವನಿಗೆ ಅದು ತಿಂಗಳಿಗೆ 1600 ರಿಯಾಲ್. ಎಷ್ಟೋ ಕುಟುಂಬಗಳು ಮಕ್ಕಳ ಶಾಲೆ ಬಿಡಿಸಿ ಊರಿಗೆ ಮರಳಿದವು, ಗಂಡಸರು ಅಲ್ಲೇ ಬ್ಯಾಚುಲರ್‌ಗಳಾಗಿ ಉಳಿದರು. ಕತಾರಿನ ಕೆಲವು ಮಾಲು, ಉದ್ಯಾನಗಳಲ್ಲಿ ರಜೆಯ ದಿನ ಕುಟುಂಬದವರಿಗೆ ಮಾತ್ರ ಪ್ರವೇಶ ಎಂಬ ರೂಢಿ ಬೆಳೆಯಿತು. ಕೂಲಿಕಾರರಿಗೆ ರಜೆ ಸಿಗುವುದೂ ಅದೇ ಶುಕ್ರವಾರ.

ತಂದೆಯೊಬ್ಬನನ್ನು ಕುಟುಂಬದಿಂದ ಬೇರ್ಪಡಿಸುವುದು, ಆಮೇಲೆ ಕುಟುಂಬವಿಲ್ಲವೆಂದು ದಂಡೆಯಿಂದ ದೂರವಿಡುವುದು. ಇಲ್ಲಿ ಅನ್ಯಾಯ ವೃತ್ತದಂತೆ ತಿರುಗುತ್ತದೆ. ಸಂಬಳದ ಮಿತಿ ಆಡಳಿತದ ಅನುಕೂಲಕ್ಕೆ ಇರಬಹುದು: ಶಾಲೆ, ಆಸ್ಪತ್ರೆ, ವಸತಿಗೆ ಹಣವಿಲ್ಲದವರು ಕುಟುಂಬವನ್ನು ತಂದು ಕಷ್ಟಪಡಬಾರದೆಂಬ ಕಾಳಜಿಯನ್ನೂ ಅದರಲ್ಲಿ ಕಾಣಬಹುದು. ಆದರೆ ಅದರ ಫಲಿತಾಂಶ ನೋಡಿ. ಆ ನಗರಗಳನ್ನು, ಆ ಕಡಲಂಚಿನ ರಸ್ತೆಗಳನ್ನು ಕಟ್ಟಿದವನಿಗೇ ಮಗುವಿನ ಜೊತೆ ಅಲ್ಲಿ ನಡೆಯುವ ಅರ್ಹತೆ ಇಲ್ಲ. ತಂದೆಯಾಗಿರುವುದಕ್ಕೆ ಸಂಬಳದ ಪಟ್ಟಿ ಹಚ್ಚಿದಂತಾಯಿತು. ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬಗಳ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 44ನೇ ವಿಧಿ ಕುಟುಂಬದ ಐಕ್ಯತೆಯನ್ನು ಕಾಪಾಡಲು ಹೇಳುತ್ತದೆ. ಕೊಲ್ಲಿಯ ಯಾವ ಅರಬ್ ರಾಜ್ಯವೂ ಅದಕ್ಕೆ ಸೇರಿಲ್ಲ. ಭಾರತವೂ ಸೇರಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ನಮೂದಿಸಿ ಅವರ ರಕ್ಷಣೆಯ ಹೊಣೆ ಹೊತ್ತೆವೆನ್ನುವ ನಮ್ಮ ದೇಶ, ಅವರ ಶುಕ್ರವಾರದ ಬಗ್ಗೆ ಏನನ್ನೂ ಹೇಳಿಲ್ಲ.

ಹಾಗಾದರೆ ಅಕೌಂಟೆಂಟನ ಕುಟುಂಬ ದಂಡೆಯಲ್ಲಿ ಚಾದರ ಹಾಸಿ ಕೂತದ್ದು ತಪ್ಪೇ? ಸೆಂಟ್ರಿಂಗ್ ಕೆಲಸದವನಿಗೆ ಸಿಗದ್ದನ್ನು ಅವರೂ ಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಅವರು ಮನೆಯಲ್ಲೇ ಕೂತರೆ ಔರಾದಿನ ಮಗುವಿಗೆ ತಂದೆ ಸಿಗುವುದಿಲ್ಲ. ಪಾಪಪ್ರಜ್ಞೆಯಿಂದ ಯಾರ ಹೊಟ್ಟೆಯೂ ತುಂಬದು. ಆದರೆ ಇನ್ನೊಬ್ಬರಿಗಿಲ್ಲದ ಒಂದು ಒಳ್ಳೆಯದು ನಮಗಿದ್ದಾಗ ಅದನ್ನು ನಮ್ಮ ಯೋಗ್ಯತೆಯ ಫಲವೆಂದುಕೊಳ್ಳುವುದು ಬೇರೆ, ಎಲ್ಲರಿಗೂ ಸಲ್ಲಬೇಕಾದದ್ದು ನಮಗೆ ಮೊದಲು ಸಿಕ್ಕಿದೆ ಎಂದುಕೊಳ್ಳುವುದು ಬೇರೆ. ಮೊದಲನೆಯದು ಬೇಲಿ ಕಟ್ಟುತ್ತದೆ. "ಬ್ಯಾಚುಲರ್‌ಗಳು ಬಹಳ ಬರ್ತಾರ, ಆ ಬೀಚಿಗೆ ಹೋಗಬ್ಯಾಡ್ರಿ" ಎಂಬ ಮಾತನ್ನು ನಮ್ಮವರ ಬಾಯಲ್ಲೇ ಕೇಳಿದ್ದೇನೆ. ಭಾಲ್ಕಿಯ ಹೆಣ್ಣುಮಗಳು ಔರಾದಿನ ಗಂಡಸನ್ನು ಅಪಾಯವೆಂದು ನೋಡಲು ಕಲಿತದ್ದು ಅಲ್ಲಿಯೇ. ಆಕೆಯ ಹೆದರಿಕೆ ಸುಳ್ಳೆನ್ನಲಾರೆ. ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಹೆಂಡತಿ, ತಾಯಿ, ಮಗಳ ಮುಖ ಕಾಣದಂತೆ ಇಟ್ಟ ವ್ಯವಸ್ಥೆ ಆ ಹೆದರಿಕೆಯನ್ನೂ ತಯಾರಿಸುತ್ತದೆ.

ಎಳ್ಳಮಾಸಿಯ ದಿನ ಹೊಲದ ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವ ಪದ್ಧತಿಯಿದೆ. ಅದನ್ನು ಸ್ವರ್ಗವೆಂದು ಚಿತ್ರಿಸಲಾರೆ. ಆ ಪಂಕ್ತಿಯಲ್ಲೂ ಜಾತಿ ಇತ್ತು, ಹೊಲವಿಲ್ಲದವನು ಬದುವಿನ ಆಚೆಯೇ ಕೂತ. ಆದರೂ ಕರೆಯುವುದು ಪದ್ಧತಿಯ ಭಾಗವಾಗಿತ್ತು. ಸುಖ ತನ್ನಿಂದ ತಾನೇ ಹೊರಗಿನವನನ್ನು ನೋಡಬೇಕೆಂಬ ಅರಿವು ಅದರಲ್ಲಿತ್ತು. ಮಸ್ಕತ್ತಿನ ನಮ್ಮವರು ಅಮಾವಾಸ್ಯೆಗೆ ಹತ್ತಿರದ ಶುಕ್ರವಾರ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಕುರುಮ್ ದಂಡೆಗೆ ಹೋಗುತ್ತಾರೆ. ಎರಡು ವರ್ಷದಿಂದ ಅದೇ ಕಂಪನಿಯ ಕ್ಯಾಂಪಿನಲ್ಲಿರುವ ಬೀದರ ಕಡೆಯ ನಾಲ್ಕೈದು ಗಂಡಸರನ್ನೂ ಕರೆಯುತ್ತಾರಂತೆ. ಇದರಿಂದ ಕಾನೂನು ಬದಲಾಗಲಿಲ್ಲ. ಚಾದರ ಸ್ವಲ್ಪ ದೊಡ್ಡದಾಯಿತು. ಆ ದಿನ ಬೆಳಗಿನ ನಾಲ್ಕಕ್ಕೆ ಎದ್ದು ಭಜ್ಜಿ ಮಾಡಿದವಳು ಮಾತ್ರ ಆಕೆಯೇ. ವಿಹಾರವೆಂದರೆ ಗಂಡಸರಿಗೆ ರಜೆ, ಹೆಂಗಸರಿಗೆ ಅಡುಗೆಮನೆಯ ಸ್ಥಳಾಂತರ ಎಂಬುದು ಹೊಲದಲ್ಲೂ ದಂಡೆಯಲ್ಲೂ ನಿಜ. ವಿರಾಮದ ಹಂಚಿಕೆಯ ಮಾತು ಚಾದರದ ಆಚೆಗಷ್ಟೇ ಅಲ್ಲ, ಚಾದರದ ಮೇಲೂ ಆಗಬೇಕು.

ಬೀದರಿಗೆ ಪರದೇಶಿಯ ಬದುಕು ಹೊಸದೇನಲ್ಲ. ಒಂದು ಕಾಲದಲ್ಲಿ ಜನ ಆ ಕಡೆಯಿಂದ ಈ ಕಡೆ ಬರುತ್ತಿದ್ದರು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನಿನಿಂದ ಬಂದ ಮಹಮೂದ್ ಗವಾನ್ 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದು ವ್ಯಾಪಾರಿಯಾಗಿ ಬೀದರಿಗೆ ಬಂದ, ಬಹಮನಿಗಳ ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಕೊಲ್ಲಲ್ಪಟ್ಟ. ಅದೇ ಕಾಲದಲ್ಲಿ ಹೊರ್ಮುಜ್ ಮೂಲಕ ಕುದುರೆಯೊಂದಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ತನ್ನ ಪುಸ್ತಕಗಳು ದರೋಡೆಯಾದದ್ದರಿಂದ ಈಸ್ಟರ್ ಹಬ್ಬ ಯಾವ ದಿನವೆಂದೇ ತಿಳಿಯದಾಗಿದೆ ಎಂದು ಸಂಕಟಪಟ್ಟು ಬರೆದುಕೊಂಡ. ಪರದೇಶದಲ್ಲಿ ಮನುಷ್ಯನಿಗೆ ಹಣಕ್ಕಿಂತ ಮೊದಲು ಕಳೆದುಹೋಗುವುದು ಹಬ್ಬದ ದಿನ ಎಂದು ಅವನ ಮಾತು ಓದಿದಾಗ ಅನ್ನಿಸಿತು. ಹೊರಗಿನಿಂದ ಬಂದವರನ್ನು ಆಗ ಆಫಾಕಿಗಳು ಎನ್ನುತ್ತಿದ್ದರು, ಗರೀಬರು ಎಂದೂ ಕರೆಯುತ್ತಿದ್ದರು. ಅರಬ್ಬಿಯಲ್ಲಿ ಗರೀಬ್ ಎಂದರೆ ಪರಕೀಯ, ಅಪರಿಚಿತ. ನಮ್ಮ ಮಾತಿನಲ್ಲಿ ಅದು ಬಡವ ಎಂದಾಯಿತು. ಈಗ ಬೀದರದಿಂದ ಕೊಲ್ಲಿಗೆ ಹೋಗುವವರು ಎರಡೂ ಅರ್ಥದಲ್ಲಿ ಗರೀಬರು.

ಚಿತ್ರ ಕಳಿಸುವ ಬಗ್ಗೆಯೂ ಒಂದು ಮಾತು. ಸುಖವನ್ನು ಪ್ರದರ್ಶನಕ್ಕಿಡುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಊರಿನಲ್ಲಿ ಕೂತು ನೋಡುವವರಿಗೆ ಕೆಲವೊಮ್ಮೆ ನೋವಾಗುವುದು ನಿಜ. ಆದರೆ ಚಿತ್ರ ಕಳಿಸದವರ ಬಗ್ಗೆ ನನಗೆ ಹೆಚ್ಚು ಯೋಚನೆಯಾಗುತ್ತದೆ. ಕಳಿಸಲು ಚಿತ್ರವೇ ಇಲ್ಲದವರು, ಹನ್ನೆರಡು ಮಂದಿಯ ಕೋಣೆಯಿಂದ ಮುಖ ಮಾತ್ರ ಕಾಣುವಂತೆ ವಿಡಿಯೊ ಕರೆ ಮಾಡುವವರು. ಸುಖದ ಚಿತ್ರಗಳಿಗೆ ಮನೆಯಲ್ಲಿ ಬೈಗುಳ ಸಿಕ್ಕರೆ ಮಗ ಸುಖವನ್ನು ಮುಚ್ಚಿಡುತ್ತಾನೆ. ಸುಖವನ್ನು ಮುಚ್ಚಿಡಲು ಕಲಿತವನು ಕಷ್ಟವನ್ನೂ ಹೇಳುವುದಿಲ್ಲ. ಆಮೇಲೆ ಉಳಿಯುವುದು ಹಣದ ಸಂಬಂಧ ಒಂದೇ.

ಆದ್ದರಿಂದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಗಳಿಸಲು ಹೋದವರಿಗೆ ಸಮುದ್ರದಲ್ಲಿ ಕೆಲಸವಿಲ್ಲ, ನಿಜ. ಕೆಲಸವಿಲ್ಲದಿರುವುದಕ್ಕೇ ಅವರು ಅಲ್ಲಿಗೆ ಹೋದದ್ದು. ಸಾಲವಿದ್ದರೆ ಸಾಲದ ಮಾತಾಡೋಣ, ಅದಕ್ಕೊಂದು ಮೊತ್ತವಿದೆ, ಒಂದು ಕೊನೆಯಿದೆ. ಅದು ತೀರಿದ ಮೇಲೂ ಮಗನ ನಗುವಿನ ಮೇಲೆ ಬಡ್ಡಿ ಹಾಕುವುದು ನ್ಯಾಯವಲ್ಲ. ಸಿಟ್ಟು ಬರಲೇಬೇಕಾದರೆ ದಂಡೆಯಲ್ಲಿ ಕೂತ ಕುಟುಂಬದ ಮೇಲೆ ಬೇಡ, ಇನ್ನೊಂದು ಕುಟುಂಬವನ್ನು ಹದಿನಾಲ್ಕು ವರ್ಷ ಅಲ್ಲಿ ಕೂರಲು ಬಿಡದ ಏರ್ಪಾಡಿನ ಮೇಲೆ ಬರಲಿ. ಆ ಸಿಟ್ಟನ್ನು ಭಾಲ್ಕಿಯ ಸಭೆಯಲ್ಲಿ, ಬೀದರಿನ ಚುನಾವಣೆಯ ವೇದಿಕೆಯಲ್ಲಿ ಕೇಳಿದ ನೆನಪು ನನಗಿಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಔರಾದಿನ ಆ ಮನೆಗೆ ಶುಕ್ರವಾರ ಸಂಜೆ ದುಬೈನಿಂದ ಕರೆ ಬರುತ್ತದೆ. ಮೊದಲು ಕೇಳುವುದು ಹಣ ಬಂತೋ ಇಲ್ಲವೋ ಎಂದು, ಆಮೇಲೆ ಊಟ, ಆಮೇಲೆ ಆರೋಗ್ಯ. ಇವತ್ತು ಎಲ್ಲಿಗಾದರೂ ಹೋಗಿದ್ದೆಯಾ, ಏನಾದರೂ ನೋಡಿದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮೊದಮೊದಲು ಆತ ಇಲ್ಲವೆಂದೇ ಹೇಳಬಹುದು. ಆದರೂ ಪ್ರತಿ ಶುಕ್ರವಾರ ಕೇಳಬೇಕು. ತನ್ನ ದಿನಕ್ಕೂ ಮನೆಯಲ್ಲಿ ಲೆಕ್ಕವಿದೆ, ತನ್ನ ಹಣಕ್ಕಷ್ಟೇ ಅಲ್ಲ ಎಂಬುದು ಅವನಿಗೆ ತಿಳಿಯಬೇಕು.